ಕೇಳಿ, ಹೇಳುತ್ತೇವೆ: ರೇಡ್ ಕೈಕೊಟ್ಟಾಗ ಯಾವ ಬಟನ್ ಒತ್ತಬಾರದು?

ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಬಂದ ಪತ್ರಗಳಲ್ಲಿ ರೇಡ್ ತೊಂದರೆಯವೇ ಜಾಸ್ತಿ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಜೋಡಿಸಿ ನಡೆಸುವುದು ರೇಡ್. ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಬರೆದಿಡುವುದು ರೇಡ್ 1, ಅಂದರೆ ಮಿರರ್. ಮೂರು ಅಥವಾ ಹೆಚ್ಚು ಡಿಸ್ಕಿಗೆ ಮಾಹಿತಿಯನ್ನೂ ಅದರ ಪ್ಯಾರಿಟಿ ಲೆಕ್ಕವನ್ನೂ ಹಂಚಿ ಬರೆಯುವುದು ರೇಡ್ 5. ಅದರಲ್ಲಿ ಒಂದು ಡಿಸ್ಕ್ ಹೋದರೆ ಉಳಿದವುಗಳಿಂದ ಲೆಕ್ಕ ಹಾಕಿ ಮಾಹಿತಿ ತೆಗೆಯಬಹುದು. ಕೆಟ್ಟದ್ದರ ಬದಲು ಹೊಸ ಡಿಸ್ಕ್ ಹಾಕಿ ಅದಕ್ಕೆ ಮಾಹಿತಿ ತುಂಬಿಸುವುದು ರೀಬಿಲ್ಡ್. ಎರಡು ಹೋದರೆ ಆಗದು. ಪ್ಯಾರಿಟಿಯಿಲ್ಲದೆ ಬರೀ ಹಂಚಿ ಬರೆಯುವ ರೇಡ್ 0ಯಲ್ಲಂತೂ ಒಂದು ಹೋದರೂ ಎಲ್ಲ ಹೋಯಿತು.

ಪ್ರ: ನಮ್ಮದು ಮದುವೆ ವಿಡಿಯೋ ಮಾಡುವ ಸ್ಟುಡಿಯೋ. ಮದರ್‌ಬೋರ್ಡಿನ ಇಂಟೆಲ್ ರೇಡಿನಲ್ಲಿ 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 ಮಾಡಿಕೊಂಡಿದ್ದೇವೆ. ಒಂದು ಡಿಸ್ಕ್ ಕೆಟ್ಟು ‘ಡಿಗ್ರೇಡೆಡ್’ ಎಂದು ತೋರಿಸಿತು. ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಕೊಟ್ಟೆವು. ಶೇಕಡಾ 31 ಆಗುವಷ್ಟರಲ್ಲಿ ಮತ್ತೊಂದು ಡಿಸ್ಕ್ ಹೊರಬಿದ್ದು ಈಗ ‘ಫೇಲ್ಡ್’ ಎನ್ನುತ್ತಿದೆ. ಬೇರೆ ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ ‘ಇನಿಶಿಯಲೈಸ್’ ಮಾಡಲೇ ಎಂದು ಕೇಳುತ್ತದೆ. ಈ ಹಂಗಾಮಿನ ಮದುವೆಗಳೆಲ್ಲ ಅದರಲ್ಲೇ ಇವೆ. — ಸ್ಟುಡಿಯೋ ಮಾಲೀಕರು, ಕುಮಟಾ

ಉ: ಇನಿಶಿಯಲೈಸ್ ಎಂದು ಕೇಳಿದಾಗಲೆಲ್ಲ ‘ಕ್ಯಾನ್ಸಲ್’ ಒತ್ತಿ. ಒಮ್ಮೆ ‘ಓಕೆ’ ಒತ್ತಿದರೂ ವಿಂಡೋಸ್ ಡಿಸ್ಕಿನ ಶುರುವಿನಲ್ಲಿ ಹೊಸ ಪಾರ್ಟಿಷನ್ ಪಟ್ಟಿ ಬರೆಯುತ್ತದೆ. ಜಿಪಿಟಿ ಎಂಬ ಬಗೆಯ ಪಟ್ಟಿ ಆರಿಸಿದರೆ ಅದರ ನಕಲನ್ನು ಡಿಸ್ಕಿನ ಕೊನೆಯಲ್ಲೂ ಬರೆಯುತ್ತದೆ. ಇಂಟೆಲ್ ರೇಡ್ ತನ್ನ ಗುರುತು ಇಟ್ಟಿರುವುದೂ ಅದೇ ಕಟ್ಟಕಡೆಯ ಸೆಕ್ಟರುಗಳಲ್ಲಿ (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳೇ ಸೆಕ್ಟರ್). ಯಾವ ಡಿಸ್ಕ್ ಎಷ್ಟನೆಯದು, ಒಂದೊಂದು ಡಿಸ್ಕಿಗೆ ಸರದಿಯಲ್ಲಿ ಬರೆಯುವ ತುಂಡಿನ (ಸ್ಟ್ರೈಪ್) ಅಳತೆ ಎಷ್ಟು ಎಂಬ ವಿವರವೆಲ್ಲ ಅಲ್ಲಿಗೆ ಅಳಿಸಿಹೋಗುತ್ತದೆ. ರೇಡ್ ಮೆನುವಿನಲ್ಲಿ ‘ಡಿಲೀಟ್’, ‘ಕ್ರಿಯೇಟ್’, ‘ರೀಸೆಟ್ ಟು ನಾನ್-ರೇಡ್’ ಎಂಬುವನ್ನೂ ಈಗ ಮುಟ್ಟಬೇಡಿ.

ಸಮಾಧಾನದ ಸಂಗತಿಯೂ ಇದೆ: ಎರಡನೆಯ ಡಿಸ್ಕ್ ನಿಜಕ್ಕೂ ಸತ್ತಿರುವ ಸಂಭವ ಕಡಿಮೆ. ರೀಬಿಲ್ಡ್ ಆಗಬೇಕಾದರೆ ಉಳಿದ ಮೂರು ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ, ಅಂದರೆ 12 ಟಿಬಿಯಷ್ಟು ಓದಬೇಕು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿಗೆ ಕಂಪನಿಗಳು ಕೊಡುವ ಮಿತಿ, 1ರ ಮುಂದೆ 14 ಸೊನ್ನೆ ಇಟ್ಟಷ್ಟು ಬಿಟ್ ಓದಿದಾಗ ಹೆಚ್ಚೆಂದರೆ ಒಂದು ಓದಲಾಗದ ಸೆಕ್ಟರ್. ಅಷ್ಟು ಬಿಟ್ ಎಂದರೆ 12.5 ಟಿಬಿ. ಪ್ರತಿ ಸಲವೂ ಹಾಗೇ ಆಗುತ್ತದೆಂದಲ್ಲ. ಆದರೆ ಮೂರು ವರ್ಷದ ಹಿಂದಿನ ಮದುವೆಯ ಫೈಲನ್ನು ಈಚೆಗೆ ಯಾರೂ ತೆರೆದಿರುವುದಿಲ್ಲ. ಅಲ್ಲಿ ಸೆಕ್ಟರ್ ಕೆಟ್ಟಿದ್ದರೆ ಗೊತ್ತಾಗುವುದೇ ರೀಬಿಲ್ಡ್ ಹೊತ್ತಿನಲ್ಲಿ. ಅಂಥ ಜಾಗ ಸಿಕ್ಕಾಗ ಡೆಸ್ಕ್‌ಟಾಪ್ ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗಾಡುತ್ತದೆ. ಕೆಲವೊಮ್ಮೆ ಒಂದು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಉತ್ತರ ಬರದಿದ್ದರೆ ರೇಡ್ ಅದನ್ನು ಸತ್ತಿತೆಂದು ಹೊರಹಾಕುತ್ತದೆ. ನಾಸ್ (ನೆಟ್‌ವರ್ಕಿನಲ್ಲಿ ಫೈಲು ಇಡುವ ಪೆಟ್ಟಿಗೆ) ಎಂದು ಮಾರುವ ಡಿಸ್ಕುಗಳು ಸುಮಾರು 7 ಸೆಕೆಂಡಿಗೆ ಕೈಚೆಲ್ಲಿ ‘ಈ ಸೆಕ್ಟರ್ ಬರಲಿಲ್ಲ’ ಎಂದು ಹೇಳಿಬಿಡುತ್ತವೆ. ಅವಕ್ಕೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕವಾಗುವುದು ಇಲ್ಲೇ.

ಈಗ ಕೆಲಸಕ್ಕೆ ಬನ್ನಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪ್ರತಿ ಡಿಸ್ಕಿನ ಮೇಲೆ ಅದರ ಕೇಬಲ್ ಮದರ್‌ಬೋರ್ಡಿನ ಯಾವ ಸಾಟಾ ಪೋರ್ಟಿನಲ್ಲಿತ್ತು ಎಂಬುದನ್ನು ಮಾರ್ಕರಿನಲ್ಲಿ ಬರೆಯಿರಿ. ಲೇಬಲ್ಲಿನಲ್ಲಿರುವ ಸೀರಿಯಲ್ ನಂಬರು ಕಾಣುವಂತೆ ಫೋಟೋ ತೆಗೆದಿಡಿ. ಮೊದಲ ಸಲ ಕೆಟ್ಟ ಡಿಸ್ಕನ್ನು ಎಸೆಯಬೇಡಿ. ಹೊಸತಾಗಿ ಹಾಕಿದ್ದನ್ನು ಬದಿಗಿಡಿ.

ನಂತರ ಉಳಿದ ಹಳೆಯ ಮೂರು ಡಿಸ್ಕುಗಳನ್ನು (ಎರಡನೆಯದಾಗಿ ಹೊರಬಿದ್ದದ್ದೂ ಸೇರಿ) ಸೆಕ್ಟರ್ ಸೆಕ್ಟರ್ ನಕಲು ಮಾಡಿ. ಇದಕ್ಕೆ ಲಿನಕ್ಸಿನ ಡಿಡಿರೆಸ್ಕ್ಯೂ ಒಳ್ಳೆಯದು, ಪುಕ್ಕಟೆ ಕೂಡ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, 16 ಟಿಬಿಯ ಒಂದು ಡಿಸ್ಕಿಗೆ ಮೂರು ಇಮೇಜ್ ಫೈಲುಗಳಾಗಿ (ಇಡೀ ಡಿಸ್ಕಿನ ನಕಲು ಒಂದೊಂದು ಫೈಲಿನಲ್ಲಿ) ತೆಗೆಯಬಹುದು. ಮೊದಲ ಸುತ್ತಿನಲ್ಲಿ ಕಷ್ಟದ ಜಾಗ ಬಿಟ್ಟು ಸಲೀಸಾಗಿ ಬರುವುದನ್ನೆಲ್ಲ ತೆಗೆಯಿರಿ. ಎರಡನೆಯ ಸುತ್ತಿನಲ್ಲಿ ಉಳಿದದ್ದಕ್ಕೆ ಮೂರು ಪ್ರಯತ್ನ ಸಾಕು. ಎಲ್ಲೆಲ್ಲಿ ಓದಿಯಾಯಿತೆಂದು ಬರೆದಿಡುವ ಮ್ಯಾಪ್‌ಫೈಲ್ ಕೊಡಲು ಮರೆಯಬೇಡಿ. ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸೆಕೆಂಡಿಗೆ 150 ಎಂಬಿ ಹಿಡಿದರೆ ಒಂದು ಡಿಸ್ಕಿಗೆ ಏಳೂವರೆ ತಾಸು. ಯಾವುದರಿಂದ ಯಾವುದಕ್ಕೆ ಎಂಬುದನ್ನು ಸೀರಿಯಲ್ ನಂಬರಿನಿಂದ ಎರಡು ಸಲ ತಾಳೆ ನೋಡಿ. ಇಲ್ಲಿ ಹಿಂದುಮುಂದಾದರೆ ತಿದ್ದಲು ದಾರಿಯಿಲ್ಲ.

ಇಮೇಜುಗಳು ಕೈಗೆ ಬಂದ ಮೇಲೆ ಆರ್-ಸ್ಟುಡಿಯೋ ಅಥವಾ ಯುಎಫ್‌ಎಸ್ ಎಕ್ಸ್‌ಪ್ಲೋರರ್‌ನಂಥ ತಂತ್ರಾಂಶದಲ್ಲಿ ಅವನ್ನು ರೇಡ್ 5 ಆಗಿ ಜೋಡಿಸಿ, ನಾಲ್ಕನೆಯ ಜಾಗ ಖಾಲಿ ಬಿಡಿ. ಡಿಸ್ಕಿನ ಅನುಕ್ರಮ, ಸ್ಟ್ರೈಪ್ ಅಳತೆ ಸರಿಹೊಂದಬೇಕು. ಆ ಅಳತೆ 64 ಅಥವಾ 128 ಕೆಬಿ ಇರುವುದು ಸಾಮಾನ್ಯ. ಫೋಲ್ಡರ್ ಹೆಸರು ಕಂಡರಷ್ಟೇ ಸಾಲದು. ಒಂದು ದೊಡ್ಡ ವಿಡಿಯೋ ತೆರೆದು ಕೊನೆಯವರೆಗೆ ಓಡುತ್ತದೆಯೇ ನೋಡಿ, ಆಮೇಲೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಇಳಿಸಿ. ಮೊದಲ ಸಲ ಕೆಟ್ಟ ಡಿಸ್ಕನ್ನು ಈ ಜೋಡಣೆಗೆ ಸೇರಿಸಬೇಡಿ. ಅದರಲ್ಲಿರುವುದು ಅದು ಹೊರಬಿದ್ದ ದಿನದವರೆಗಿನ ಮಾಹಿತಿ, ಆಮೇಲೆ ಬರೆದ ಫೈಲುಗಳು ಕಲಸಿಹೋಗುತ್ತವೆ. ಹತ್ತಿಪ್ಪತ್ತು ಸೆಕ್ಟರ್ ಸಿಗದಿದ್ದರೂ ವಿಡಿಯೋದಲ್ಲಿ ಒಂದೆರಡು ಕ್ಷಣ ಚಿತ್ರ ಒಡೆಯಬಹುದು, ಅಷ್ಟೇ.

ಯಾವುದಾದರೂ ಡಿಸ್ಕ್ ‘ಟಿಕ್ ಟಿಕ್’ ಎಂದು ಬಡಿಯುತ್ತಿದ್ದರೆ ಮಾತ್ರ ಈ ಪ್ರಯತ್ನವೇ ಬೇಡ. ಕೂಡಲೇ ಆಫ್ ಮಾಡಿ. ಹೆಡ್ (ಓದುವ-ಬರೆಯುವ ಮುಳ್ಳು) ಕೆಟ್ಟ ಡಿಸ್ಕನ್ನು ಓಡಿಸಿದಷ್ಟೂ ತಟ್ಟೆ ಗೀರಿಹೋಗುತ್ತದೆ. ಅದು ಕ್ಲೀನ್‌ರೂಮ್ ಇರುವ ಪ್ರಯೋಗಾಲಯದ ಕೆಲಸ.

ಮುಂದಿನ ಸಲಕ್ಕೆ: ‘ಡಿಗ್ರೇಡೆಡ್’ ಆದ ರೇಡ್ 5ರ ಫೈಲುಗಳು ತೆರೆಯುತ್ತವೆ. ರೀಬಿಲ್ಡಿಗೆ ಮೊದಲು ಮುಖ್ಯವಾದದ್ದನ್ನೆಲ್ಲ ಹೊರಗೆ ನಕಲು ಮಾಡಿಕೊಳ್ಳಬೇಕು, ಆಮೇಲೆಯೇ ರೀಬಿಲ್ಡ್. ಹೊಸ ಡಿಸ್ಕ್ ಯಾವ ಬಗೆಯದೆಂದೂ ನೋಡಿ. ಎಸ್‌ಎಂಆರ್ ಡಿಸ್ಕಿನಲ್ಲಿ ಬರವಣಿಗೆಯ ಸಾಲುಗಳು ಹೆಂಚು ಹೊದೆಸಿದ ಹಾಗೆ ಒಂದರ ಅಂಚಿನ ಮೇಲೊಂದು ಇರುತ್ತವೆ. ನಡುವಿನ ಒಂದು ಹೆಂಚು ಬದಲಿಸಲು ಮೇಲಿನ ಸಾಲುಗಳನ್ನೂ ಎತ್ತಬೇಕಲ್ಲ, ಹಾಗೆಯೇ ಇಲ್ಲೂ. ಬಿಡುವಿಲ್ಲದೆ ತಾಸುಗಟ್ಟಲೆ ಬರೆಯಬೇಕಾದ ರೀಬಿಲ್ಡಿನಲ್ಲಿ ಅದು ಉಸಿರುಗಟ್ಟಿ ನಿಲ್ಲುತ್ತದೆ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕುಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಿತ್ತು. ರೇಡಿಗೆ ಬೇಕಾದದ್ದು ಸಾಲುಗಳು ಒಂದರ ಮೇಲೊಂದು ಬರದ ಸಿಎಂಆರ್: ರೆಡ್ ಪ್ಲಸ್, ರೆಡ್ ಪ್ರೋ, ಸೀಗೇಟ್ ಐರನ್‌ವುಲ್ಫ್ ಆ ಬಗೆಯವು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 4 ಟಿಬಿ ಬ್ಯಾರಾಕುಡಾ, ಮಾದರಿ ಎಸ್‌ಟಿ4000ಡಿಎಂ004, ಎಸ್‌ಎಂಆರ್.

ಪ್ರ: ತೆರಿಗೆ ಸಲಹೆಯ ಕಚೇರಿ. ಮಳೆಗಾಲದಲ್ಲಿ ಒಂದು ತಿಂಗಳು ಬಾಗಿಲು ಹಾಕಿ ಬಂದು ಕಂಪ್ಯೂಟರ್ ಹಾಕಿದರೆ ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. 1 ಟಿಬಿಯ ಎರಡು ಡಿಸ್ಕಿನ ಮಿರರ್ ಇತ್ತು. ಎರಡೂ ಒಟ್ಟಿಗೆ ಹೋದವೇ? ಬಯೋಸಿನಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿನದು ತೋರಿಸುತ್ತದೆ. — ಕೋಡಿಬಾಗ, ಕಾರವಾರ

ಉ: ನೀವು ಕೊನೆಗೆ ಬರೆದ ಸಾಲಿನಲ್ಲೇ ಉತ್ತರವಿದೆ. ತಾರೀಖು ಹಿಂದಕ್ಕೆ ಹೋಗಿದೆ ಎಂದರೆ ಮದರ್‌ಬೋರ್ಡಿನ ಬಟನ್ ಬ್ಯಾಟರಿ ಮುಗಿದಿದೆ. ಬ್ಯಾಟರಿ ಹೋದಾಗ ಬಯೋಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶ) ತನ್ನ ಮೂಲ ಹೊಂದಾಣಿಕೆಗೆ ಮರಳುತ್ತದೆ, ಆಗ ಹೆಚ್ಚಿನ ಬೋರ್ಡುಗಳಲ್ಲಿ ಸಾಟಾ ಮೋಡ್ ‘ರೇಡ್’ನಿಂದ ಡಿಸ್ಕುಗಳನ್ನು ಬೇರೆ ಬೇರೆಯಾಗಿ ನೋಡುವ ‘ಎಎಚ್‌ಸಿಐ’ಗೆ ಬದಲಾಗುತ್ತದೆ. ವಿಂಡೋಸಿಗೆ ರೇಡ್ ಕಾಣದೆ ನೀಲಿ ಪರದೆ ಬರುತ್ತದೆ. ಡಿಸ್ಕುಗಳಿಗೆ ಏನೂ ಆಗಿರಲಿಕ್ಕಿಲ್ಲ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಹೊಸ ಸಿಆರ್2032 ಬ್ಯಾಟರಿಯನ್ನು ಪ್ಲಸ್ ಗುರುತು ಮೇಲಾಗಿ ಕೂರಿಸಿ. ಹೊಸದು ಮಲ್ಟಿಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಮೇಲೆ ತೋರಿಸಬೇಕು. ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸಿಗೆ ಹೋಗಿ, ತಾರೀಖು-ಸಮಯ ಸರಿಮಾಡಿ, ಸಾಟಾ ಮೋಡನ್ನು ‘ರೇಡ್’ ಅಥವಾ ‘ಇಂಟೆಲ್ ಆರ್‌ಎಸ್‌ಟಿ’ ಎಂದು ಬದಲಿಸಿ, ಎಫ್10 ಒತ್ತಿ ಉಳಿಸಿ. ರೇಡ್ ಮಾಹಿತಿ ಇರುವುದು ಡಿಸ್ಕಿನಲ್ಲಿ, ಬಯೋಸಿನಲ್ಲಲ್ಲ. ಹಾಗಾಗಿ ಹೊಸ ರೇಡ್ ಕಟ್ಟುವ ಅಗತ್ಯವಿಲ್ಲ, ಕಟ್ಟಲೂಬಾರದು. ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ಬಯೋಸ್ ಬದಲಾದದ್ದಕ್ಕೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ನಡುವೆ ಯಾರಾದರೂ ಎಎಚ್‌ಸಿಐಯಲ್ಲೇ ಒಂದು ಡಿಸ್ಕಿನಿಂದ ವಿಂಡೋಸ್ ನಡೆಸಿದ್ದರೆ ಎರಡು ಡಿಸ್ಕಿನ ಮಾಹಿತಿ ಈಗ ಬೇರೆ ಬೇರೆ. ರೇಡಿಗೆ ಅದು ತಿಳಿದಿರುವುದಿಲ್ಲ, ‘ನಾರ್ಮಲ್’ ಎಂದೇ ತೋರಿಸುತ್ತದೆ. ಹಾಗಾಗಿದ್ದರೆ ರೇಡಿಗೆ ಮರಳುವ ಮೊದಲೇ ಆ ಡಿಸ್ಕಿನ ಫೈಲುಗಳನ್ನು ಹೊರಗೆ ನಕಲು ಮಾಡಿ. ಆಮೇಲೆ ಇಂಟೆಲ್ ತಂತ್ರಾಂಶದಲ್ಲಿ ‘ವೆರಿಫೈ’ ಓಡಿಸಿ ವ್ಯತ್ಯಾಸದ ಲೆಕ್ಕ ನೋಡಿ.

ಪ್ರ: ಅಡಿಕೆ ವಖಾರಿಯ ಲೆಕ್ಕದ ಕಂಪ್ಯೂಟರ್. ಮಿರರಿನ ಒಂದು ಡಿಸ್ಕ್ ಜೂನ್‌ನಿಂದೀಚೆ ಮೂರು ಸಲ ಹೊರಬಿತ್ತು. ಪ್ರತಿ ಸಲ ರೀಬಿಲ್ಡ್ ಕೊಟ್ಟರೆ ಸರಿಯಾಗುತ್ತದೆ. ಅಂಗಡಿಯವರು ನೋಡಿ ಡಿಸ್ಕ್ ಚಲೋ ಇದೆ ಎಂದರು. ಹೊಸದು ತಗೊಳ್ಳಬೇಕೇ? — ವ್ಯಾಪಾರಸ್ಥರು, ಶಿರಸಿ

ಉ: ಈಗಲೇ ಬೇಡ. ಡಿಸ್ಕಿನದೋ ಅದಕ್ಕೆ ಹೋಗುವ ತಂತಿಯದೋ ಎಂದು ಬಿಡಿಸಿ ನೋಡೋಣ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿ ನಾಲ್ಕು ಸಾಲು ಓದಿ: 05, ಸಿ5, ಸಿ6, ಸಿ7. ಮೊದಲ ಮೂರು ಡಿಸ್ಕಿನ ತಟ್ಟೆಗೆ ಸಂಬಂಧಿಸಿದವು. 05 ಎಂದರೆ ಬೇರೆ ಜಾಗಕ್ಕೆ ಬದಲಿಸಿದ ಸೆಕ್ಟರ್, ಸಿ5 ಓದಲಾಗದೆ ಕಾಯುತ್ತಿರುವ ಸೆಕ್ಟರ್, ಸಿ6 ಸರಿಪಡಿಸಲಾಗದ್ದು. ಸಿ7 ಬೇರೆ ಕಥೆ. ಅದು ಡಿಸ್ಕ್ ಮತ್ತು ಮದರ್‌ಬೋರ್ಡಿನ ನಡುವೆ ದಾರಿಯಲ್ಲಿ ಕೆಟ್ಟ ಮಾಹಿತಿಯ ಎಣಿಕೆ. ಈ ತಂತ್ರಾಂಶ ಎಣಿಕೆಯನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ. ಮೆನುವಿನಲ್ಲಿ ‘ರಾ ವ್ಯಾಲ್ಯೂಸ್’ ಎಂಬಲ್ಲಿ ದಶಮಾನಕ್ಕೆ ಬದಲಿಸಿಕೊಂಡರೆ ಸುಲಭ.

ಸಿ5, ಸಿ6 ಸೊನ್ನೆಯಿದ್ದು ಸಿ7 ಏರುತ್ತಿದ್ದರೆ ತಪ್ಪು ಕೇಬಲ್ಲಿನದು ಅಥವಾ ಕನೆಕ್ಟರಿನದು. ಸಿ7 ಒಮ್ಮೆ ಏರಿದರೆ ಇಳಿಯುವುದಿಲ್ಲ. ಇಂದಿನ ಸಂಖ್ಯೆ ಬರೆದಿಟ್ಟು, ಕೇಬಲ್ ಬದಲಿಸಿ, ಹದಿನೈದು ದಿನ ಬಿಟ್ಟು ನೋಡಿ. ಅಲ್ಲೇ ನಿಂತಿದ್ದರೆ ಕೆಲಸ ಆಯಿತು. ಒಮ್ಮೆಗೆ ಒಂದನ್ನೇ ಬದಲಿಸಿ: ಮೊದಲು ಕೇಬಲ್, ಆಮೇಲೆ ಪೋರ್ಟ್, ಕೊನೆಗೆ ಪವರ್ ತಂತಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ. ಸಾಟಾ ಕೇಬಲ್ 1 ಮೀಟರ್ ಮೀರಬಾರದು. ಅರ್ಧ ಮೀಟರಿನ, ತುದಿಯಲ್ಲಿ ಲೋಹದ ಚಿಮಟೆಯಿರುವುದು ಸಾಕು. ಚೂಪಾಗಿ ಮಡಚಬೇಡಿ.

ಮಳೆಗಾಲದಲ್ಲೇ ಹೀಗಾಗುವುದಕ್ಕೆ ಕಾರಣ ತೇವ. ಕನೆಕ್ಟರಿನ ಲೇಪ ಸವೆದಲ್ಲಿ ಕಿಲುಬು ಹಿಡಿದು ಸಂಪರ್ಕ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ಕರಾವಳಿಯಲ್ಲಿ ಇದರ ಮೇಲೆ ಉಪ್ಪುಗಾಳಿ ಬೇರೆ. ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ತಾಗಿಸಿ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಮರಳುಕಾಗದದಿಂದ ಉಜ್ಜಿದರೆ ಚಿನ್ನದ ತೆಳು ಲೇಪ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಕೆಡುತ್ತದೆ. ಕ್ಯಾಬಿನೆಟ್ಟನ್ನು ಗೋಡೆಗೆ ಆನಿಸದೆ ನೆಲದಿಂದ ಒಂದು ಗೇಣು ಎತ್ತರಕ್ಕಿಡಿ. ಆಫ್ ಮಾಡಿದ ಕೂಡಲೇ ಪ್ಲಾಸ್ಟಿಕ್ ಹೊದಿಕೆ ಬೇಡ, ತೇವ ಒಳಗೇ ಉಳಿಯುತ್ತದೆ. ವಖಾರಿ ಮುಚ್ಚಿರುವ ದಿನಗಳಲ್ಲೂ ಒಂದು ತಾಸು ಹಾಕಿಡುವುದು ಒಳ್ಳೆಯದು. ಇರುವೆ, ಹಲ್ಲಿ ಹೊಕ್ಕಿವೆಯೋ ನೋಡಿ.

ಕೇಬಲ್ ಸರಿಯಿದ್ದೂ ಡಿಸ್ಕ್ ಹೊರಬಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) ಅಳೆಯಿರಿ. ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು, ಅದೂ ಡಿಸ್ಕ್ ಓಡುತ್ತಿರುವಾಗ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎರಡು ಡಿಸ್ಕಿಗೆ ಒಂದೇ ಸ್ಪ್ಲಿಟರ್ ಇದ್ದರೆ ತೆಗೆದು, ಎಸ್‌ಎಂಪಿಎಸ್‌ನಿಂದ ನೇರ ಬರುವ ಬೇರೆ ಬೇರೆ ತಂತಿ ಕೊಡಿ. ಎರಕದ ಪ್ಲಾಸ್ಟಿಕ್ ತುದಿಯ ಅಗ್ಗದ ಮೋಲೆಕ್ಸ್-ಸಾಟಾ ತಂತಿಯಂತೂ (ಹಳೆಯ ಬಗೆಯ ಪವರ್ ಪ್ಲಗ್ಗನ್ನು ಸಾಟಾಕ್ಕೆ ಜೋಡಿಸುವುದು) ಬೇಡವೇ ಬೇಡ. ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತುವುದು ಅವುಗಳಿಗೇ.

ಇನ್ನೊಂದು: ಕರೆಂಟು ಹೋಗಿ ಬಂದ ಮೇಲೆ ‘ವೆರಿಫೈಯಿಂಗ್’ ಎಂದು ಕಂಡರೆ ಅದು ಡಿಸ್ಕ್ ಹೊರಬಿದ್ದದ್ದಲ್ಲ. ಎರಡು ಪ್ರತಿ ಹೊಂದುತ್ತವೆಯೇ ಎಂದು ಅದೇ ನೋಡಿಕೊಳ್ಳುತ್ತಿದೆ, ಮುಗಿಯಲು ಬಿಡಿ. ಮನೆಯ ಇನ್ವರ್ಟರ್ ಇದೆಯೆಂದು ನಂಬಿ ಕೂರಬೇಡಿ. ಅದನ್ನು ‘ಯುಪಿಎಸ್’ ಮೋಡಿನಲ್ಲಿ ಇಡದಿದ್ದರೆ ಬದಲಾಗುವ ಆ ಚೂರು ಹೊತ್ತಿಗೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಲೆಕ್ಕದ ಕಂಪ್ಯೂಟರಿಗೆ ಬೇರೆಯೇ ಯುಪಿಎಸ್ ಇರಲಿ.

ಪ್ರ: ಯಕ್ಷಗಾನದ ಧ್ವನಿಮುದ್ರಣ ಇಡುವ ಕಂಪ್ಯೂಟರಿಗೆ ಎಂ.2 ಎಸ್‌ಎಸ್‌ಡಿ ಹಾಕಿಸಿದೆ. ಅಂದಿನಿಂದ ರೇಡಿನ ಒಂದು ಡಿಸ್ಕ್ ಕಾಣುತ್ತಿಲ್ಲ. — ಹೊನ್ನಾವರ

ಉ: ಡಿಸ್ಕಿಗೆ ಏನೂ ಆಗಿಲ್ಲ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಎಂ.2 ಜಾಗ ಮತ್ತು ಒಂದೆರಡು ಸಾಟಾ ಪೋರ್ಟು ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಎಸ್‌ಎಸ್‌ಡಿ ಹಾಕಿದೊಡನೆ ಆ ಪೋರ್ಟು ಮುಚ್ಚುತ್ತದೆ. ಬೋರ್ಡಿನ ಕೈಪಿಡಿಯಲ್ಲಿ ಯಾವ ಪೋರ್ಟೆಂದು ಬರೆದಿರುತ್ತದೆ. ಆ ಡಿಸ್ಕಿನ ಕೇಬಲ್ಲನ್ನು ಖಾಲಿಯಿರುವ ಬೇರೆ ಪೋರ್ಟಿಗೆ ಬದಲಿಸಿ. ಇಂಟೆಲ್ ರೇಡ್ ಡಿಸ್ಕನ್ನು ಸೀರಿಯಲ್ ನಂಬರಿನಿಂದ ಗುರುತಿಸುವುದರಿಂದ ಪೋರ್ಟ್ ಬದಲಾದರೂ ಅಡ್ಡಿಯಿಲ್ಲ. ಡಿಸ್ಕ್ ಇಲ್ಲದೆ ಇಷ್ಟು ದಿನ ಕೆಲಸ ಮಾಡಿದ್ದರೆ ಮರಳಿ ಬಂದ ಮೇಲೆ ರೀಬಿಲ್ಡ್ ಬೇಕಾಗುತ್ತದೆ. ಮುದ್ರಣಗಳನ್ನು ಮೊದಲು ಹೊರಗೊಂದು ಪ್ರತಿ ಮಾಡಿಕೊಳ್ಳಿ.

ಪ್ರ: ಮಿರರ್ ಇದೆ. ಬೇರೆ ಬ್ಯಾಕಪ್ ಯಾಕೆ? — ಭಟ್ಕಳ

ಉ: ನೀವು ತಪ್ಪಿ ಅಳಿಸಿದ ಫೈಲು ಅದೇ ಕ್ಷಣ ಎರಡೂ ಡಿಸ್ಕಿನಿಂದ ಅಳಿಯುತ್ತದೆ. ವೈರಸ್ ಬೀಗ ಹಾಕಿದರೆ ಎರಡಕ್ಕೂ ಹಾಕುತ್ತದೆ. ಸಿಡಿಲಿಗೆ ಎಸ್‌ಎಂಪಿಎಸ್ ಸುಟ್ಟರೆ ಎರಡೂ ಒಂದೇ ಡಬ್ಬದಲ್ಲಿವೆ. ಮಿರರ್ ಇರುವುದು ಒಂದು ಡಿಸ್ಕ್ ಕೆಟ್ಟ ದಿನವೂ ಕೆಲಸ ನಿಲ್ಲದಿರಲಿ ಎಂದು. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ತೆಗೆದು, ಕೆಲಸ ಮುಗಿದ ಕೂಡಲೇ ಯುಎಸ್‌ಬಿ ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ತಿಂಗಳಿಗೊಮ್ಮೆ ಅದರಿಂದ ನಾಲ್ಕು ಫೈಲು ಮರಳಿ ತೆರೆದು ನೋಡಿ.

ಪ್ರ: ಮನೆಯಿಂದ ಕೆಲಸ ಮಾಡುವವನು. ಉಬುಂಟುವಿನ ಎಂಡಿ-ರೇಡ್ (ಲಿನಕ್ಸ್ ತಾನೇ ನಡೆಸುವ ರೇಡ್) ಮಿರರಿನಲ್ಲಿ ಎರಡು ‘ಯು’ ಇರಬೇಕಾದಲ್ಲಿ ಒಂದು ‘ಯು’, ಒಂದು ಅಡಿಗೆರೆ ತೋರಿಸುತ್ತದೆ. — ಯಲ್ಲಾಪುರ

ಉ: ಅಡಿಗೆರೆ ಎಂದರೆ ಒಂದು ಡಿಸ್ಕ್ ಹೊರಬಿದ್ದಿದೆ. ಕರ್ನೆಲ್ ಲಾಗಿನಲ್ಲಿ (ಲಿನಕ್ಸಿನ ತಿರುಳು ಬರೆದಿಡುವ ದಿನಚರಿ) ಆ ಹೊತ್ತಿನ ಸಾಲುಗಳನ್ನು ನೋಡಿ. ಲಿಂಕ್ ರೀಸೆಟ್ ಎಂದಿದ್ದರೆ ಶಿರಸಿಯವರಿಗೆ ಹೇಳಿದ ಕೇಬಲ್ ಪರೀಕ್ಷೆಯೇ ನಿಮಗೂ. ಮೀಡಿಯಾ ಎರರ್ ಎಂದಿದ್ದರೆ ಡಿಸ್ಕ್ ಬದಲಿಸಿ. ಡಿಸ್ಕ್ ಚೆನ್ನಾಗಿದ್ದರೆ ‘ರೀ-ಆಡ್’ (ಮರಳಿ ಸೇರಿಸು) ಕೊಡಿ. ಎಲ್ಲಿ ಬರೆದಿದೆ ಎಂದು ಗುರುತಿಡುವ ಬಿಟ್‌ಮ್ಯಾಪ್ ಇದ್ದಲ್ಲಿ ನಡುವೆ ಬದಲಾದ ಭಾಗವನ್ನಷ್ಟೇ ಬರೆದು ನಿಮಿಷಗಳಲ್ಲಿ ಮುಗಿಸುತ್ತದೆ. ‘ಕ್ರಿಯೇಟ್’ ಆಜ್ಞೆಯನ್ನು ದುರಸ್ತಿಗೆಂದು ಎಂದೂ ಬಳಸಬೇಡಿ.

ಜೊತೆಗೆ ಸ್ಮಾರ್ಟ್‌ಸಿಟಿಎಲ್ ಆಜ್ಞೆಯಲ್ಲಿ ಎಸ್‌ಸಿಟಿ-ಇಆರ್‌ಸಿ ಮಿತಿಯನ್ನು (ಕೆಟ್ಟ ಸೆಕ್ಟರಿಗೆ ಡಿಸ್ಕ್ ಹೆಣಗಾಡುವ ಹೊತ್ತು) ಓದಲು-ಬರೆಯಲು ಎರಡಕ್ಕೂ 70ಕ್ಕೆ ಇಡಿ. ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಅಂದರೆ 7 ಸೆಕೆಂಡ್. ಕೆಲವು ಡೆಸ್ಕ್‌ಟಾಪ್ ಡಿಸ್ಕುಗಳು ಇದನ್ನು ಒಪ್ಪುವುದಿಲ್ಲ. ಆಗ ಕರ್ನೆಲ್ ಕಾಯುವ ಹೊತ್ತನ್ನು 30 ಸೆಕೆಂಡಿನಿಂದ 180ಕ್ಕೆ ಏರಿಸಿ. ಆಫ್ ಮಾಡಿದರೆ ಎರಡೂ ಮರೆತುಹೋಗುವುದರಿಂದ ಬೂಟ್ ಸ್ಕ್ರಿಪ್ಟಿಗೆ ಸೇರಿಸಿ.

ಪ್ರ: 500 ಜಿಬಿ ಎಸ್‌ಎಸ್‌ಡಿಗಳ ಮಿರರಿನಲ್ಲಿ ಒಂದು ಕೆಟ್ಟಿತು. 480 ಜಿಬಿಯದು ತಂದೆ, ರೇಡ್ ಸೇರಿಸಿಕೊಳ್ಳುತ್ತಿಲ್ಲ. ಒಳಗೆ ತುಂಬಿರುವುದು 90 ಜಿಬಿ ಮಾತ್ರ. — ಅಂಕೋಲಾ

ಉ: ರೇಡ್ ಎಷ್ಟು ತುಂಬಿದೆ ಎಂದು ನೋಡುವುದಿಲ್ಲ, ಸೆಕ್ಟರ್ ಎಣಿಸುತ್ತದೆ. 500 ಜಿಬಿಯದರಲ್ಲಿ 97,67,73,168 ಸೆಕ್ಟರ್ ಇರುತ್ತವೆ. ಹೊಸದರಲ್ಲಿ ಅಷ್ಟೇ ಅಥವಾ ಹೆಚ್ಚು ಬೇಕು. ಅಂಗಡಿಯಲ್ಲಿ ಬದಲಿಸಿ 500 ಅಥವಾ 512 ಜಿಬಿಯದು ತನ್ನಿ, ಕಂಪನಿ ಬೇರೆಯಾದರೂ ನಡೆಯುತ್ತದೆ. ಮುಂದೆ ಹೊಸದಾಗಿ ಮಿರರ್ ಕಟ್ಟುವಾಗ ಶೇಕಡಾ ಎರಡರಷ್ಟು ಜಾಗ ಬಿಟ್ಟು ಕಟ್ಟಿದರೆ ಒಂದೇ ಅಳತೆಯ ಹೆಸರಿನಲ್ಲಿ ಬರುವ ಸಣ್ಣ ವ್ಯತ್ಯಾಸಗಳು ಕಾಡುವುದಿಲ್ಲ. ಕೆಟ್ಟ ಎಸ್‌ಎಸ್‌ಡಿಯ ಮೇಲೆ ತಾರೀಖು ಬರೆದು ತೆಗೆದಿಡಿ. ಕೆಲವು ಎಸ್‌ಎಸ್‌ಡಿಗಳು ಬರೆಯಲು ಬಾರದಿದ್ದರೂ ಓದಲು ಬರುತ್ತವೆ. ಹೊಸದರ ರೀಬಿಲ್ಡ್ ಮುಗಿದು, ವೆರಿಫೈ ಕೂಡ ತಪ್ಪಿಲ್ಲದೆ ಮುಗಿಯುವವರೆಗೆ ಅದನ್ನು ವಾರಂಟಿಗೆ ಕಳಿಸಬೇಡಿ.